ಗೇಣು ಕಡಿಮೆ ಮಾಡಿದ ಮೈಕಕ್ಕ

ನಮ್ಮ ಬೀದಿಯ ಕೊನೆಯ ಮನೆಯವಳನ್ನು ಎಲ್ಲರೂ ಮೈಕಕ್ಕ ಅನ್ನುತ್ತೇವೆ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿಗೆ ಹೊರಟಿತೆಂದು ಮೈಕಿನಲ್ಲಿ ಕೂಗುತ್ತಲೇ ತಲೆ ನರೆಸಿಕೊಂಡವಳು. ಅವಳ ದನಿ ಕೇಳಿ ಊರಿಗೂರೇ ಗಂಟುಮೂಟೆ ಎತ್ತಿಕೊಂಡು ಓಡಿದೆ; ಎದುರಿಗೆ ಸಿಕ್ಕರೆ ಗುರುತಿಸುವವರಿಲ್ಲ. ಮದುವೆಯ ಗೋಜಿಗೆ ಹೋಗಲಿಲ್ಲ. ಜೊತೆಗಿದ್ದ ತಂಗಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಮಾತು ಕೊಡುವವರೇ ಇಲ್ಲದಾಯಿತು.

ನಿವೃತ್ತಿಯಾದ ಮೇಲೆ ಕಣ್ಣು ಕಾಣದ ಮಕ್ಕಳ ಶಾಲೆಗೆ ಪಾಠ ಓದಿಕೊಡುವುದನ್ನು ಹಚ್ಚಿಕೊಂಡಳು. ಮನೆಯ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ ಓದುವುದು, ಅದನ್ನು ಶಾಲೆಗೆ ಕಳಿಸುವುದು. ಎಷ್ಟೋ ದಿನ ಅವಳು ಬಾಯಿ ಬಿಡುತ್ತಿದ್ದುದೇ ಅದಕ್ಕೆ.

ಒಂದು ದಿನ ಶಾಲೆಯ ಮೇಷ್ಟ್ರ ಫೋನು ಬಂತು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ದನಿ ಗರಗರ ಅಂತಿದೆ, ಮಕ್ಕಳಿಗೆ ಏನೂ ತಿಳೀತಿಲ್ಲ. ಹೀಗೇ ಆದ್ರೆ ಬೇರೆಯವರ ಕೈಲಿ ಓದಿಸ್ಬೇಕಾಗುತ್ತೆ."

ಫೋನಿಟ್ಟವಳೇ ತಾನು ಓದಿದ್ದನ್ನು ಹಾಕಿ ಕೇಳಿದಳು. ಡಬ್ಬಿಯೊಳಗೆ ಮೊಳೆ ಅಲ್ಲಾಡಿಸಿದ ಹಾಗೆ ಸದ್ದು. ಅದೇ ಕಂಪ್ಯೂಟರಿನಲ್ಲಿ ವಾರ್ತೆ ಹಾಕಿದರೆ ಹರಳು ಹುರಿದಂತೆ ಸ್ಪಷ್ಟ. ಅಲ್ಲಿಗೆ ಕೆಟ್ಟಿರುವುದು ತನ್ನ ಗಂಟಲೇ ಎಂದುಕೊಂಡಳು. ಉಪ್ಪುನೀರು ಮುಕ್ಕಳಿಸಿದಳು, ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಮತ್ತೆ ಓದಿದರೆ ಮತ್ತದೇ ಗರಗರ. ಕೊನೆಗೆ, ನೋಡೇಬಿಡೋಣವೆಂದು ಕಂಪ್ಯೂಟರ್ ರಿಪೇರಿಯವನಿಗೆ ಫೋನು ಮಾಡಿ, ಒಡೆದ ಆ ದನಿಯನ್ನೇ ಕೇಳಿಸಿದಳು.

"ಗೇನ್ ಜಾಸ್ತಿಯಾಗಿದೆ ಅಕ್ಕ, ಕಡಿಮೆ ಮಾಡಿ," ಅಂದ ಅವನು.

ಇವಳ ಕಿವಿಗೆ ಅದು ಗೇಣು ಎಂದೇ ಬಿತ್ತು. ಹೆಬ್ಬೆರಳು ಕಿರುಬೆರಳು ಅಗಲಿಸಿ ಅಳೆದಳು. ಬಾಯಿಗೂ ಮೈಕಿಗೂ ನಡುವೆ ಸರಿಯಾಗಿ ಒಂದು ಗೇಣು. ಅದನ್ನು ಅರ್ಧಕ್ಕೆ ತಂದಳು. ಗರಗರ ಹೆಚ್ಚಾಯಿತು. ಮತ್ತೆ ಫೋನು ಮಾಡಿದರೆ ಅವನು, "ಇನ್ನೂ ಕಡಿಮೆ ಮಾಡಿ ಅಕ್ಕ," ಅಂದ. ಮೈಕನ್ನು ತುಟಿಗೇ ತಾಗಿಸಿ ಓದಿದಳು. ಆಮೇಲೆ ಕೇಳಿಸಿದ್ದು ಮನುಷ್ಯರ ದನಿಯೇ ಅಲ್ಲ.

ಮಾರನೆಯ ದಿನ ರಿಪೇರಿಯವನೇ ಬಂದ. ಓದಿ ತೋರಿಸಿ ಎಂದವನು ಅವಳು ಕೂತ ಭಂಗಿ ನೋಡಿ ಕಕ್ಕಾಬಿಕ್ಕಿಯಾದ.

"ಇದೇನಕ್ಕ, ಮೈಕು ನುಂಗೋಕೆ ಹೊರಟಿದ್ದೀರಾ?"

"ನೀನೇ ಅಲ್ವೇನಪ್ಪ ಗೇಣು ಕಡಿಮೆ ಮಾಡು ಅಂದಿದ್ದು? ಇನ್ನೆಲ್ಲಿದೆ ಕಡಿಮೆ ಮಾಡೋಕೆ?"

ಅವನಿಗೆ ನಗು ತಡೆಯಲಾಗಲಿಲ್ಲ. ಪರದೆಯ ಮೇಲೊಂದು ಗೆರೆಯ ತುದಿಗೆ ಹೋಗಿ ನಿಂತಿದ್ದ ಗುಂಡಿಯನ್ನು ತೋರಿಸಿದ. "ಗೇಣಲ್ಲಕ್ಕ, ಗೇನು. ನಿಮ್ಮ ದನೀನ ಕಂಪ್ಯೂಟರ್ ಎಷ್ಟು ಎತ್ತಿ ಹಿಡೀಬೇಕು ಅನ್ನೋದು ಇದು. ಎಲ್ಲೋ ಕೈತಪ್ಪಿ ಪೂರ್ತಿ ಏರಿಬಿಟ್ಟಿದೆ. ಗಂಟಲು ಗಟ್ಟಿಮುಟ್ಟಾಗೇ ಇದೆ ಬಿಡಿ."

ಗುಂಡಿಯನ್ನು ಇಳಿಸಿ, ಮೈಕನ್ನು ದೂರ ಸರಿಸಿ, ನಾಲ್ಕು ಸಾಲು ಓದಿಸಿದ. ಹಾಕಿ ಕೇಳಿದರೆ ಬಸ್ ನಿಲ್ದಾಣದ ಅದೇ ದನಿ, ಒಂದಿಷ್ಟು ಮಾಗಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಅವನು ಕಿವಿಗೊಟ್ಟು ಇನ್ನೊಮ್ಮೆ ಕೇಳಿದ. "ಎಷ್ಟು ಚೊಕ್ಕವಾಗಿ ಬಂದಿದೆ ನೋಡಿ. ಬೇರೆ ಮನೆಗಳಲ್ಲಿ ಪಾತ್ರೆ ಸದ್ದು, ಮಕ್ಕಳ ಗಲಾಟೆ, ಯಾರಾದ್ರೂ ಕೆಮ್ಮೋದು ಎಲ್ಲ ಸೇರ್ಕೊಳ್ಳುತ್ತೆ. ನಿಮ್ಮ ಮನೇಲಿ ಒಂದು ಸದ್ದೂ ಇಲ್ಲ. ಇದಕ್ಕೆ ಹೇಳಿ ಮಾಡಿಸಿದ ಮನೆ ಅಕ್ಕ."

"ಹೂಂನಪ್ಪ," ಅಂದಳು ಮೈಕಕ್ಕ. "ಮೊದಲು ಹೀಗಿರ್ಲಿಲ್ಲ."

ಅವನು ಹೊರಟ ಮೇಲೆ ಪಾಠವನ್ನು ಮೊದಲಿನಿಂದ ಓದಲು ಕೂತಳು.