ಕಾಕಾನ ಕಾರಿಗೆ ಸೈಲೆನ್ಸರ್

ಕಾಕಾನ ಕಾರಿನ ಸದ್ದು ಹೇಗಿತ್ತು ಎಂದು ಬರೆಯಲು ಕೂತರೆ ನನ್ನ ಮೇಲೆ ನನಗೇ ನಂಬಿಕೆ ಬರುವುದಿಲ್ಲ. ಬಣ್ಣಕ್ಕೆ ಫೋಟೋಗಳ ಸಾಕ್ಷಿ ಇದೆ, ಕಡು ಹಸಿರು. ಸದ್ದಿಗೆ ಸಾಕ್ಷಿ ಇಲ್ಲ. ನನ್ನ ಮದುವೆಯ ವಿಡಿಯೋದಲ್ಲಿ ಕಾರು ಬಂದು ನಿಲ್ಲುವುದು ಕಾಣುತ್ತದೆ. ಆದರೆ ವಿಡಿಯೋದವನು ಅದರ ಮೇಲೆ ಶಹನಾಯಿ ಹಾಕಿಬಿಟ್ಟಿದ್ದಾನೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಖಾನಾಪುರದಲ್ಲಿ ಹಂಚಿನ ಕಾರ್ಖಾನೆ ನಡೆಸುತ್ತಿದ್ದರು. ಪ್ರಾಯದಲ್ಲಿ ಗೋವಾದ ಒಂದು ಮನೆತನದಿಂದ ಎರಡೇ ಸೀಟಿನ, ಬಟ್ಟೆ ಮಾಡಿನ, ಆಗಲೇ ಹಳೆಯದಾಗಿದ್ದ ಇಂಗ್ಲಿಷ್ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತಂದರು. ಅದನ್ನು ಅವರೊಬ್ಬರೇ ಓಡಿಸುತ್ತಿದ್ದರು. ಡ್ರೈವರ್ ಇದ್ದ, ಅವನು ಲಾರಿಗೆ. ಅಣ್ಣತಮ್ಮಂದಿರು ಕೇಳಿ ಕೇಳಿ ಸುಮ್ಮನಾದರು. ತೊಳೆಯಲು ಅಂಗಳಕ್ಕೆ ತರುವುದಿದ್ದರೂ ತಾವೇ ಏರಿ ಕೂರುತ್ತಿದ್ದರು.

ಕಾರ್ಖಾನೆಯ ಕೆಲಸಕ್ಕೆ ದಿನವೂ ಬೆಳಗಾವಿಗೆ ಹೋಗಿ ಬರುವರು. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ, ಕಾಕಾ ತಡಮಾಡಿದರೆ ಉಪವಾಸವೇ. ಹಾಗಾಗಿ ಕಾಕಾನ ಹೆಂಡತಿ ಕಾಕು ಅಡುಗೆಮನೆಯಲ್ಲಿ ಕಿವಿ ಹೊರಗಿಟ್ಟು ಕೂತಿರುತ್ತಿದ್ದಳು. ಮಲಪ್ರಭೆಯ ಸೇತುವೆಯ ಮೇಲೆ ಕಾರಿನ ಸದ್ದು ಕೇಳಿತೆಂದರೆ ರೊಟ್ಟಿಯ ಹಂಚು ಒಲೆಗೇರುತ್ತಿತ್ತು. ಕಾಕಾ ಕೈಕಾಲು ತೊಳೆದು ಬರುವಷ್ಟರಲ್ಲಿ ಮೊದಲ ರೊಟ್ಟಿ ತಾಟಿನಲ್ಲಿ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆಯೋ, ಮನೆಯಲ್ಲಿ ಹೇಳಿದ್ದನ್ನೇ ಕಂಡಂತೆ ಮಾಡಿಕೊಂಡಿದ್ದೇನೆಯೋ, ಈಗ ಬೇರೆ ಮಾಡಲಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಕಾಕಾನ ಕಣ್ಣಿನ ನರಗಳು ಸೋತು ದೃಷ್ಟಿ ಹೋಯಿತು. ಕಾರು ಶೆಡ್ಡಿನಲ್ಲಿ ನಿಂತಿತು. ನಿಂತ ಕಾರಿನ ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುತ್ತದಂತೆ. ಹೋದ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಕಾಕಾ, "ಒಮ್ಮೆ ಚಾಲೂ ಮಾಡ್ ತಂಗಿ, ಕೇಳೂಣು" ಎಂದು ನನ್ನ ಕೈಗೆ ಕೀಲಿ ಕೊಟ್ಟರು. ಬ್ಯಾಟರಿ ಬದಲಿಸಿ, ಮೆಕ್ಯಾನಿಕ್‌ನನ್ನು ಕರೆಸಿ ಶುರು ಮಾಡಿದೆವು. ಎಂಜಿನ್ ಒಮ್ಮೆ ಅದುರಿತು, ಸೈಲೆನ್ಸರ್ ಕಳಚಿ ನೆಲಕ್ಕೆ ಬಿತ್ತು. ಆಮೇಲೆ ಬಂದ ಗದ್ದಲಕ್ಕೆ ಪಕ್ಕದ ಮನೆಯವರು ಹೊರಗೆ ಬಂದರು.

ಕಾಕಾ ಹೇಳಿದರು: "ನನಗ ಈಗ ಕಾರ್ ಅಂದ್ರ ಅದರ ಸಪ್ಪಳಾ ಅಷ್ಟ. ಆ ಸಪ್ಪಳಾ ತಿರುಗಿ ಬರೂಹಂಗ ಇದ್ರ ಇರ್ಲಿ. ಇಲ್ಲಾಂದ್ರ ಆ ಮಡಗಾಂವದಾಂವಗ ಕೊಟ್ಟುಬಿಡೂಣು. ತಗಡ ಸವರಕೋತ ಕುಂದ್ರೂದು ನನ್ನ ಕಡೆಯಿಂದ ಆಗೂದಿಲ್ಲ."

ಮಡಗಾಂವದವರು ಗೋವಾದಲ್ಲಿ ಹಳೆಯ ಕಾರುಗಳನ್ನು ಕೂಡಿಡುವ ಗೃಹಸ್ಥರು, ಬಹಳ ದಿನದಿಂದ ಕೇಳುತ್ತಿದ್ದರು. ನಾನು ಬೆಳಗಾವಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು, ಕಾರಿನ ಬಗ್ಗೆ ಏನೂ ತಿಳಿಯದು. ಆದರೂ ನಾನು ನೋಡುತ್ತೇನೆ ಅಂದೆ. ಆ ಕಾರೂ ಹೋದರೆ ಕಾಕಾನಿಗೆ ಏನು ಉಳಿಯುತ್ತದೆ?

ಬರೀ ಪೈಪಿನ ಮೇಲೆ ಕಾರನ್ನು ಬೆಳಗಾವಿಗೆ ಓಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ಟಿಳಕವಾಡಿಯ ರೈಲು ಗೇಟಿನ ಹತ್ತಿರ ಸೈಲೆನ್ಸರ್ ಮಾಡಿಕೊಡುವ ಅಂಗಡಿ ಇದೆ. ಮಾಲೀಕರು ಬಿದ್ದ ಸೈಲೆನ್ಸರನ್ನು ಮೇಜಿನ ಮೇಲಿಟ್ಟು ಸೀಳಿದರು. ಸದ್ದು ತಗ್ಗಿಸುವ ಒಳಗಿನ ತಟ್ಟೆಗಳೆಲ್ಲ ತುಕ್ಕಿನ ಕೆಂಪು ಪುಡಿ.

"ಒಳಗ ಹೆಂಗಿತ್ತು ಅಂತ ದೇವರಿಗೇ ಗೊತ್ರಿ ಬಾಯಾರ. ಪರದೇಶದಿಂದ ಸ್ಟೀಲಿಂದು ತರಸಬಹುದು, ತುಕ್ಕ ಹಿಡಿಯಂಗಿಲ್ಲ. ಸಪ್ಪಳಾ ಮಾತ್ರ ಅಡಗೀ ಪಾತೇಲಿ ಬಡದಂಗ ಬರ್ತೈತಿ. ಇಲ್ಲಾ, ನಾನ ಕಬ್ಬಿಣದ್ದು ಮಾಡಿ ಕೊಡ್ತೀನಿ. ನಿಮಗ ಹೆಂಗ ಸಪ್ಪಳಾ ಬೇಕು?"

"ಮೊದಲಿನ ಹಾಗೆ" ಎಂದೆ.

"ಮೊದಲ ಹೆಂಗಿತ್ರಿ?"

ಗಂಭೀರ, ಮೆತ್ತಗೆ, ಸ್ವಲ್ಪ ಗೊರಗೊರ ಎಂದು ಏನೇನೋ ಹೇಳಿದೆ. ಅವರು ನಕ್ಕರು. "ನೀವು ನಮ್ಮ ಮಾವನ ಬಗ್ಗೆ ಹೇಳಾಕತ್ತೀರಿ."

ರಾತ್ರಿ ಪುಣೆಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಅವಳು ಬಾಯಲ್ಲೇ ಸದ್ದು ಮಾಡಿ ತೋರಿಸಿದಳು. ನನ್ನ ನೆನಪಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ, ಅವಳದು ಮೋಟರ್‌ಸೈಕಲ್ಲಿನ ಹಾಗೆ ಕೇಳಿಸಿತು. ನನ್ನದಾದರೂ ಸರಿಯೆಂದು ಹೇಳುವವರು ಯಾರು? ಆಗ ಹೊಳೆದದ್ದು ಕಾಕು. ವರ್ಷಗಟ್ಟಲೆ ಪ್ರತಿ ಸಂಜೆ ಆ ಸದ್ದಿಗೆ ಕಾದವಳು ಅವಳೊಬ್ಬಳೇ. ಬೇರೆ ಯಾರನ್ನಾದರೂ ಕೇಳಬೇಕಿತ್ತೆಂದು ನನಗೆ ಆಗ ಅನ್ನಿಸಲೇ ಇಲ್ಲ.

ಪಕ್ಕದ ಮನೆಯವರನ್ನು ಕಾಕಾನ ಹತ್ತಿರ ಕೂಡಿಸಿ ಕಾಕು ಬಸ್ಸಿನಲ್ಲಿ ಬೆಳಗಾವಿಗೆ ಬಂದಳು. ಅಂಗಡಿಯವರು ಮೂರು ಬಗೆಯ ಡಬ್ಬಿ ಕಟ್ಟಿಟ್ಟಿದ್ದರು, ಒಂದರಲ್ಲಿ ತಟ್ಟೆ ಹೆಚ್ಚು, ಒಂದರಲ್ಲಿ ಕಡಿಮೆ, ಮತ್ತೊಂದರಲ್ಲಿ ಸದ್ದು ಹೀರುವ ಗಾಜಿನ ಹತ್ತಿ. ಒಂದೊಂದನ್ನೇ ಪೈಪಿಗೆ ಬಿಗಿದು ಎಂಜಿನ್ ಓಡಿಸಿದರು. ಕಾಕು ಮುಖ ಕಿವುಚಿದಳು.

"ಇಷ್ಟ ಹತ್ತಿರ ನಿಂತ್ರ ನನಗ ಗೊತ್ತಾಗಂಗಿಲ್ಲ. ನಾ ದೂರದಿಂದ ಕೇಳಿದಾಕಿ."

ಹೇಳಿದವಳೇ ಸೆರಗು ಸರಿಮಾಡಿಕೊಂಡು ರೈಲು ಹಳಿ ದಾಟಿ ಆಚೆಯ ಬೇವಿನ ಮರದ ಕೆಳಗೆ ಹೋಗಿ ನಿಂತಳು. ಮೊದಲ ಎರಡಕ್ಕೆ ಅಲ್ಲಿಂದಲೇ ಬೇಡವೆಂದು ಕೈಯಾಡಿಸಿದಳು. ಮೂರನೆಯದಕ್ಕೆ ಕೈ ಎತ್ತಲಿಲ್ಲ. ನಾವು ಕಾದೆವು. ಗೇಟು ಬಿತ್ತು, ರೈಲು ಹೋಯಿತು, ಗೇಟು ಎದ್ದಿತು. ಅವಳು ನಿಧಾನ ಬಂದು, "ಇದ" ಎಂದಳು. ಕಣ್ಣು ಒದ್ದೆಯಾಗಿತ್ತು.

"ಧೂಳ ಭಾಳ ಐತ್ರಿ ಇಲ್ಲಿ" ಎಂದು ಅಂಗಡಿಯವರು ಸ್ಟೂಲು ಒರೆಸಿ ಕೊಟ್ಟರು.

ಅದನ್ನೇ ಬೆಸುಗೆ ಹಾಕಿಸಿದೆ. ಮರುದಿನ ಇಬ್ಬರೂ ಕಾರಿನಲ್ಲೇ ಖಾನಾಪುರಕ್ಕೆ ಹೊರಟೆವು. ದಾರಿಯಲ್ಲಿ ನನಗೂ ಅದೇ ಸದ್ದು ಎನ್ನಿಸತೊಡಗಿತು. ಕಾಕು ಹೇಳಿದ ಮೇಲೆ ನನ್ನ ನೆನಪು ಅವಳ ಕಡೆಗೆ ವಾಲಿತೋ ಏನೋ. ಕಾಕುವನ್ನು ಬಾಗಿಲಲ್ಲಿ ಇಳಿಸಿ, ಸೇತುವೆಯವರೆಗೆ ವಾಪಸು ಹೋಗಿ, ಅಲ್ಲಿಂದ ತಿರುಗಿಸಿಕೊಂಡು ಬಂದೆ. ಕಾಕಾ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಂಗಳದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಓಡುತ್ತಿರುವಂತೆಯೇ ಇಳಿದೆ.

"ಯಾರ ಗಾಡಿ ಬಂತು?" ಎಂದರು.

"ನಿಮ್ದ ಅಲ್ಲೇನ್ರಿ" ಎಂದಳು ಕಾಕು.

"ಇದು ನಂದಲ್ಲ."

"ಕಿವೀನೂ ಹೋದುವೇನು? ಇಷ್ಟ ವರ್ಷ ಕೇಳೀನಿ, ನನಗ ಗೊತ್ತಿಲ್ಲೇನು?"

"ನೀ ಕೇಳಿದ್ದು ಬ್ಯಾರೆ ಇರಬೇಕು" ಎಂದರು ಕಾಕಾ. ದನಿಯಲ್ಲಿ ಸಿಟ್ಟಿರಲಿಲ್ಲ.

ಆಗ ನನಗೆ ಅರ್ಥವಾಯಿತು. ಆ ಕಾರು ಹೊರಗಿನಿಂದ ಬರುವುದನ್ನು ಕಾಕಾ ಜೀವನದಲ್ಲೇ ಕೇಳಿರಲಿಲ್ಲ. ಬೇರೆ ಯಾರಿಗಾದರೂ ಓಡಿಸಲು ಕೊಟ್ಟಿದ್ದರಲ್ಲವೇ ಕೇಳುವುದು? ಊರಿಗೆಲ್ಲ ಪರಿಚಿತವಾಗಿದ್ದ ಸದ್ದು ಅವರೊಬ್ಬರಿಗೇ ಅಪರಿಚಿತ. ನಾನು ಸೈಲೆನ್ಸರ್ ಆರಿಸಿದ್ದು ಕಾಕುವಿನ ಕಿವಿಗೆ.

"ಒಳಗೆ ಕೂತು ಕೇಳಿ ಕಾಕಾ" ಎಂದು ಎಡಗಡೆ ಕೂರಿಸಿ ಒಂದು ಸುತ್ತು ನಂದಗಡದ ದಾರಿಯವರೆಗೆ ಹೋಗಿ ಬಂದೆ. ಅವರು ತಲೆಯಾಡಿಸಿದರು. "ಈ ಸೀಟಿನ್ಯಾಗ ನಾ ಯಾವತ್ತೂ ಕುಂತಿಲ್ಲ ತಂಗಿ."

ಅಂಗಳಕ್ಕೆ ಬಂದು ಅವರನ್ನು ಸ್ಟೇರಿಂಗ್ ಮುಂದೆ ಕೂರಿಸಿದೆ. ಕಾಲು ತಡವರಿಸದೆ ಪೆಡಲುಗಳ ಮೇಲೆ ಹೋಯಿತು. ನ್ಯೂಟ್ರಲ್‌ನಲ್ಲೇ ಆಕ್ಸಿಲರೇಟರ್ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಸದ್ದು ಏರಿ ಇಳಿಯಿತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಗೇರ್ ಬಿದ್ದು, ಗಾಡಿ ಏರಿ ಹತ್ತುವಾಗ ಕೆಳಗಿಂದ ಬೆನ್ನಿಗೆ ಬರ್ತಿತ್ತು. ಕಿವಿಗಲ್ಲ" ಎಂದರು. "ನಿಂತ ಗಾಡ್ಯಾಗ ಅದು ಹೆಂಗ ಬಂದೀತು?"

ಬೇರೆ ಸೈಲೆನ್ಸರ್ ಮಾಡಿಸೋಣ, ತಟ್ಟೆಯದನ್ನು ಹಾಕಿಸೋಣ ಎಂದೆಲ್ಲ ಹೇಳಿದೆ. ಹೇಳುವಾಗಲೇ ಆ ಮಾತುಗಳಲ್ಲಿ ಹುರುಳಿಲ್ಲವೆಂದು ಗೊತ್ತಿತ್ತು. ಅವರು ಬೇಕೆಂದದ್ದು ಯಾವ ಅಂಗಡಿಯಲ್ಲೂ ಆಗುವ ವಸ್ತುವಲ್ಲ. ಅದಕ್ಕೆ ಅವರೇ ಓಡಿಸಬೇಕಿತ್ತು.

"ಮಡಗಾಂವದಾಂವಗ ಫೋನ್ ಹಚ್ಚು" ಎಂದರು.

ಕಾಕು ನನ್ನತ್ತ ನೋಡಿದಳು. ನಾನು ಫೋನ್ ತೆಗೆದೆ, ನಂಬರ್ ಹುಡುಕಿದೆ. ಆ ಸದ್ದಿನಲ್ಲಿ ಮಾತು ಕೇಳಿಸುವುದು ಸಾಧ್ಯವಿರಲಿಲ್ಲ, ಎಂಜಿನ್ ನಿಲ್ಲಿಸಬೇಕಿತ್ತು. ಕೀಲಿ ಸ್ಟೇರಿಂಗಿನ ಹಿಂದೆ. ಕಾಕಾ ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ನೇರ ಕೂತಿದ್ದರು. ಅವರ ತೋಳು ಸರಿಸದೆ ನನ್ನ ಕೈ ಅಲ್ಲಿಗೆ ಹೋಗುವಂತಿರಲಿಲ್ಲ.

"ಬಂದ್ ಮಾಡಲ್ಯಾ?" ಎಂದೆ.

ಅವರು ತೋಳು ಸರಿಸಲಿಲ್ಲ. ಕೊನೆಗೆ ಎಂಜಿನ್ ನಿಲ್ಲಿಸಿದವಳು ನೀನೇ ಎಂದು ಕಾಕು ಹೇಳುತ್ತಾಳೆ. ನನ್ನ ನೆನಪಿನಲ್ಲಿ ಅದು ಕಾಕಾನ ಕೈ. ಅವರನ್ನು ಕೇಳುವ ಧೈರ್ಯ ನನಗಾಗಿಲ್ಲ. ಮುಂದಿನ ವಾರ ಕಾರು ಕಣಕುಂಬಿಯ ದಾರಿ ಹಿಡಿದು ಗೋವಾಕ್ಕೆ ಹೋಯಿತು. ಅವತ್ತು ಕಾಕಾ ಕಟ್ಟೆಗೆ ಬರಲಿಲ್ಲ, ಒಳಗೆ ರೇಡಿಯೋ ದೊಡ್ಡದಾಗಿ ಇಟ್ಟುಕೊಂಡು ಕೂತಿದ್ದರು.