ಸಡಿಲ ಬಿಟ್ಟ ವೈರು

"ಈ ವೈರ್ ಇಷ್ಟು ಬಿಗಿಯಾಗಿ ಎಳೆದು ಕಟ್ಟಿದೋರು ಯಾರ್ರೀ?" ಏಣಿಯ ಮೇಲಿಂದ ಲೈನ್‌ಮನ್ ಖಾದರ್ ಭಾಯ್ ಕೇಳಿದಾಗ ನಾನು ತಲೆ ತಗ್ಗಿಸಿದೆ.

ಮೊಳಕಾಲ್ಮೂರಿನ ನೇಕಾರ ನಾನು. ಸಡಿಲವಾದ ಎಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಊರಿಗೆ ಆಗಷ್ಟೇ ಬಂದಿದ್ದ ಬ್ರಾಡ್‌ಬ್ಯಾಂಡ್‌ಗಾಗಿ ಕಂಬದಿಂದ ಮನೆಗೆ ಎಳೆದಿದ್ದ ವೈರು ಜೋಲುತ್ತಿತ್ತು. ಅದನ್ನೂ ಮಗ್ಗದ ಹಾಸಿನಂತೆ ಬಿಗಿದಿದ್ದೆ. ಆಮೇಲೆ ಗಾಳಿ ಬೀಸಿದಾಗಲೆಲ್ಲ ಇಂಟರ್‌ನೆಟ್ ಹೋಗುತ್ತಿತ್ತು. ಖಾದರ್ ಭಾಯ್ ಬಂದ ದಿನ ಅದು ಪೂರ್ತಿ ನಿಂತೇಹೋಗಿತ್ತು; ಅವತ್ತೇ ಮದುವೆ ಸೀರೆಯ ಸೆರಗಿನ ವಿನ್ಯಾಸ ಇ-ಮೇಲ್‌ನಲ್ಲಿ ಬರಬೇಕಿತ್ತು. ಮಗ್ಗ ಕಾಯುತ್ತ ನಿಂತಿತ್ತು.

"ಒಳಗೆ ಎಳೆ ಹರಿದೈತೆ. ಇದಕ್ಕೆ ಗಾಳೀಲಿ ತೂಗಾಡೋಕೆ ಜಾಗ ಬೇಕ್ರೀ," ಎನ್ನುತ್ತ ಅವರು ಆಸರೆಗೆ ಉಕ್ಕಿನ ತಂತಿ ಇರುವ ಬೇರೆ ವೈರು ಆರಿಸಿ, ಕೊಂಚ ಸಡಿಲ ಬಿಟ್ಟು ಕಟ್ಟಿದರು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಸೆರಗು ಮೂಡಿತು. ಹೋದ ಜೀವ ಬಂದಂತಾಯಿತು.

ಆ ವೈರು ಈಗಲೂ ಜೋಲುತ್ತಿದೆ, ನನ್ನ ಕೈ ತುರಿಸುತ್ತಲೇ ಇದೆ. ಹೆಂಡತಿ ಮಾತ್ರ ಅಂದೇ ನಮ್ಮ ಏಣಿಯನ್ನು ತವರಿಗೆ ಸಾಗಿಸಿಬಿಟ್ಟಳು.