ತಪಾಸಣೆಗೆ ಬಂದ ಲೇಥ್

ಡೊಂಬಿವಲಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆಯುವ ಲೇಥ್ ಮೆಷಿನ್ ನಡೆಸಿ ನಿವೃತ್ತನಾದ ಮೇಲೆ ನಾನು ಮೇಷ್ಟರಾದೆ. ಅದು ಎರಡು ಸಾವಿರದ ಹತ್ತರ ನಂತರದ ಮಾತು. ಬೇಡಿಕೆಯಿರುವ ಕೆಲಸಗಳಿಗೆ ಹುಡುಗ ಹುಡುಗಿಯರನ್ನು ತಯಾರು ಮಾಡುವ ಕಾಲೇಜುಗಳಿಗೆ ಸರಕಾರ ಅನುದಾನ ಕೊಡುತ್ತಿತ್ತು. ನವಿ ಮುಂಬಯಿಯ ಒಂದು ಕಾಲೇಜಿನವರು ಕಂಪ್ಯೂಟರಿನಿಂದ ನಡೆಯುವ ಲೇಥ್ ಕಲಿಸಲು ಅನುಭವಸ್ಥ ಬೇಕೆಂದು ನನ್ನನ್ನು ಕರೆದರು. ದಿನಾ ಠಾಣೆ ಸ್ಟೇಷನ್ನಿನಲ್ಲಿ ಇಳಿದು ವಾಶಿ ಕಡೆಯ ಲೋಕಲ್ ಗಾಡಿ ಹಿಡಿದು ಹೋಗುತ್ತಿದ್ದೆ. ಸುಮ್ಮನೆ ಮನೆಯಲ್ಲಿ ಕೂರುವುದಕ್ಕಿಂತ ನನಗೆ ಅದು ಹಬ್ಬವೇ ಆಗಿತ್ತು.

ತರಗತಿಯಲ್ಲಿ ಇಪ್ಪತ್ತು ಮಂದಿ ಇದ್ದರು. ಹೆಚ್ಚಿನವರು ತುರ್ಭೆಯ ಕೂಲಿಕಾರರ ಮಕ್ಕಳು. ಅವರಲ್ಲಿ ಒಬ್ಬಳೇ ಹುಡುಗಿ. ಅವಳ ತಂದೆ ವಿಜಯಪುರದ ಕಡೆಯವರು, ತುರ್ಭೆಯ ಗೋದಾಮುಗಳಲ್ಲಿ ಲಾರಿಗೆ ಮಾಲು ಏರಿಸಿ ಇಳಿಸುವ ಕೆಲಸ. ಅವಳಿಗೆ ನನ್ನ ಕನ್ನಡ ಅರ್ಥವಾಗುತ್ತಿತ್ತು, ಆದರೆ ಉತ್ತರ ಮಾತ್ರ ಹಿಂದಿಯಲ್ಲಿ. ಲೆಕ್ಕದಲ್ಲಿ ಚುರುಕು. ಕಬ್ಬಿಣದ ಸರಳು ಎಷ್ಟು ವ್ಯಾಸಕ್ಕೆ ಇಳಿಯಬೇಕೆಂದು ಹೇಳಿದರೆ ಉಳಿದವರು ಪೆನ್ನು ತೆಗೆಯುವಷ್ಟರಲ್ಲಿ ಎಷ್ಟು ಕಡೆಯಬೇಕೆಂಬ ಅವಳ ಉತ್ತರ ಸಿದ್ಧ.

ಆದರೆ ಮೆಷಿನ್ ಇರಲಿಲ್ಲ. ಕೊಠಡಿ ಇತ್ತು, ಬಾಗಿಲ ಮೇಲೆ ಬೋರ್ಡೂ ಇತ್ತು. ಯೋಜನೆ ನೋಡಿಕೊಳ್ಳುತ್ತಿದ್ದ ಸಂಯೋಜಕರನ್ನು ಕೇಳಿದಾಗಲೆಲ್ಲ, ಫೈಲು ಮುಂದೆ ಹೋಗಿದೆ, ಇನ್ನೇನು ಬಂತು ಎನ್ನುತ್ತಿದ್ದರು. ನಾನು ಎರಡು ತಿಂಗಳು ಕಪ್ಪು ಹಲಗೆಯ ಮೇಲೆ ಮೆಷಿನ್ ಬರೆದು, ಒರೆಸಿ, ಮತ್ತೆ ಬರೆದೆ. ಹಲಗೆಯ ಮೇಲಿನ ಗುಂಡಿಗಳನ್ನು ಆ ಮಕ್ಕಳು ನಿಜವಾಗಿಯೂ ಬೆರಳಿಂದ ಒತ್ತಿ ಅಭ್ಯಾಸ ಮಾಡುತ್ತಿದ್ದರು.

ಒಂದು ಬೆಳಿಗ್ಗೆ ಹೋಗಿ ನೋಡಿದರೆ ಕೊಠಡಿಯಲ್ಲಿ ಲೇಥ್ ನಿಂತಿತ್ತು. ಕಲಿಯುವವರಿಗೆಂದೇ ಮಾಡಿದ ಸಣ್ಣ ಗಾತ್ರದ್ದು, ತಿಳಿನೀಲಿ ಬಣ್ಣ. ಮಕ್ಕಳು ಹೂವು ತಂದರು, ಅರಿಸಿನ ಕುಂಕುಮ ಹಚ್ಚಿದರು, ತೆಂಗಿನಕಾಯಿ ಒಡೆದರು. ಅಂದೇ ಮಧ್ಯಾಹ್ನ ತಪಾಸಣೆಗೆ ಅಧಿಕಾರಿಗಳು ಬರುವವರಿದ್ದರು. ಕಾಲೇಜಿನವರು ಮಕ್ಕಳ ತಂದೆತಾಯಿಯರನ್ನೂ ಕರೆಸಿದ್ದರು. ಮೆಷಿನ್ನಿನ ಹಿಂದೆ ಕೇಬಲ್ಲು ಸುರುಳಿ ಸುತ್ತಿಕೊಂಡೇ ಇತ್ತು, ಗೋಡೆಗೆ ಜೋಡಿಸಿರಲಿಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ನಾನು. ಆದರೂ ನಾಳೆ ಕನೆಕ್ಷನ್ ಕೊಡುತ್ತಾರೆಂದು ಅಂದುಕೊಂಡೆ. ಅಧಿಕಾರಿಗಳು ಬಂದರು, ಮೆಷಿನ್ ನೋಡಿದರು, ನನ್ನನ್ನು ಅದರ ಪಕ್ಕಕ್ಕೆ ನಿಲ್ಲಿಸಿ ಫೋಟೊ ತೆಗೆದರು, ಚಹಾ ಕುಡಿದು ಹೋದರು. ಯಾರೂ ಅದನ್ನು ನಡೆಸಿ ತೋರಿಸಿ ಎನ್ನಲಿಲ್ಲ.

ಜನ ಕರಗಿದ ಮೇಲೆ ಆ ಹುಡುಗಿಯ ತಂದೆ ಕೊಠಡಿಗೆ ಬಂದರು. ಮೆಷಿನ್ನಿನ ಸುತ್ತ ಒಂದು ಸುತ್ತು ಹಾಕಿ, ಎಡಗಡೆ ಕೆಳಗಿನ ಮೂಲೆಯಲ್ಲಿ ಬಗ್ಗಿ ನೋಡಿದರು.

"ಸರ, ಇದು ನಿಮ್ಮ ಕಾಲೇಜಿಂದ ಏನ್ರಿ?"

"ಹೌದು, ಸರಕಾರದ ಅನುದಾನದಲ್ಲಿ ಬಂದದ್ದು. ಯಾಕೆ ಕೇಳಿದ್ರಿ?"

"ಹೋದ ತಿಂಗಳ ನಾನ ಇದನ್ನ ಬ್ಯಾರೆ ಕಾಲೇಜಿನಾಗ ಇಳಿಸಿ ಬಂದೀನ್ರಿ. ಮೂರನೇ ದಿನಕ್ಕ ನಾವ ಹೋಗಿ ಹೊಳ್ಳಿ ಟೆಂಪೋಕ್ಕ ಏರಿಸೀವಿ. ಅದಕ್ಕೂ ಮೊದಲ ಇನ್ನೊಂದ ಕಡೆ ಒಯ್ದಿದ್ವಿ."

ಇಂಥ ಮೆಷಿನ್‌ಗಳು ಎಲ್ಲ ಒಂದೇ ತರಹ ಕಾಣುತ್ತವೆ, ನಿಮಗೆ ಗೊಂದಲ ಆಗಿರಬೇಕು ಎಂದೆ. ಅವರು ಬಲಗೈ ಹೆಬ್ಬೆರಳು ಮುಂದೆ ಚಾಚಿದರು. ಅದರಲ್ಲಿ ಉಗುರಿರಲಿಲ್ಲ.

"ಇಳಿಸೂ ಮುಂದ ಜಾರಿ ಈ ಮೂಲಿ ಬೆರಳಿನ ಮ್ಯಾಲ ಕುಂತಿತ್ರಿ. ಮಷೀನಿಗೂ ಪೆಟ್ಟಾತು, ನನಗೂ ಆತು. ನೋಡ್ರಿ ಬೇಕಾದ್ರ."

ಬಗ್ಗಿ ನೋಡಿದೆ. ಮೂಲೆಯ ತಗಡು ಹೆಬ್ಬೆರಳಗಲ ಒಳಗೆ ಹೋಗಿತ್ತು. ಅದರ ಮೇಲೆ ಹೊಸ ಬಣ್ಣ ಬಳಿದಿದ್ದರು. ಅವರು ಮಗಳಿಗೆ ಹೇಳಲೋ ಬೇಡವೋ ಎಂದು ಕೇಳಿದರು. ನಾನೇ ಹೇಳುತ್ತೇನೆ ಎಂದೆ.

ನೇರವಾಗಿ ಸಂಯೋಜಕರ ಕೋಣೆಗೆ ಹೋದೆ. ಅವರು ಸಿಟ್ಟಾಗಲಿಲ್ಲ, ಅಲ್ಲಗಳೆಯಲೂ ಇಲ್ಲ. ಮೆಷಿನ್ ಬಾಡಿಗೆಯದು, ಅನುದಾನದ ಮುಂದಿನ ಕಂತು ಬಂದ ಮೇಲೆ ಸ್ವಂತದ್ದು ತರುತ್ತೇವೆ, ನೀವು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದರು. ಆಮೇಲೆ ಒಂದು ಫೈಲು ತೆರೆದು ನನ್ನ ಮುಂದೆ ಸರಿಸಿದರು. ಎರಡು ತಿಂಗಳ ಹಾಜರಿ ಹಾಳೆಗಳು. ದಿನಕ್ಕೆ ಎರಡು ಗಂಟೆ ಮೆಷಿನ್ ಮೇಲೆ ಅಭ್ಯಾಸ ಮಾಡಿಸಲಾಗಿದೆ ಎಂದು ಬರೆದಿತ್ತು. ಪ್ರತಿ ಹಾಳೆಯ ಕೆಳಗೂ ನನ್ನ ಸಹಿ. ವಾರದ ಕೊನೆಗೆ ಗಾಡಿ ತಪ್ಪುತ್ತದೆಂಬ ಅವಸರದಲ್ಲಿ ಖಾಲಿ ಹಾಳೆಗಳಿಗೆ ನಾನೇ ಹಾಕಿಕೊಟ್ಟದ್ದು.

ಮರುದಿನ ಮಕ್ಕಳು ಅರ್ಧ ಗಂಟೆ ಮೊದಲೇ ಬಂದಿದ್ದರು. ಕೊಠಡಿ ಖಾಲಿ. ನೆಲದ ಮೇಲೆ ಬಾಡಿದ ಹೂವು, ಕುಂಕುಮ, ತೆಂಗಿನಕಾಯಿಯ ಒಂದು ಹೋಳು. ನಾನು ಮುಚ್ಚಿಡದೆ ಎಲ್ಲ ಹೇಳಿದೆ, ನನ್ನ ಸಹಿಯ ವಿಷಯವನ್ನೂ ಹೇಳಿದೆ. ಆ ಹುಡುಗಿ ಕೇಳಿದಳು: "ತೋ ಸರ್, ಸರ್ಟಿಫಿಕೇಟ್ ಪೇ ಕ್ಯಾ ಲಿಖಾ ಹೋಗಾ?" ಸರ್ಟಿಫಿಕೇಟಿನಲ್ಲಿ ಮೆಷಿನ್ ನಡೆಸಲು ಬರುತ್ತದೆ ಎಂದೇ ಬರೆದಿರುತ್ತದೆ ಎಂದೆ. ಅವಳು ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಹೋಗಿಬಿಟ್ಟಳು.

ಆ ವಾರವೇ ಕೆಲಸ ಬಿಟ್ಟೆ. ಅನುದಾನ ಕೊಡುವ ಸರಕಾರಿ ಕಚೇರಿಗೆ, ನಡೆದದ್ದೆಲ್ಲ ಬರೆದು ಕಳಿಸಿದೆ. ಈ ವಯಸ್ಸಿನಲ್ಲಿ ಪೊಲೀಸು, ಕೋರ್ಟು ಅಂತ ಅಲೆಯಬೇಕಾದೀತೆಂದು ಹೆಂಡತಿ ಹೆದರಿದಳು. ಹಾಗೇನೂ ಆಗಲಿಲ್ಲ. ಕೆಲವು ತಿಂಗಳ ಮೇಲೆ ಒಂದು ಪುಟದ ಉತ್ತರ ಬಂತು: ತಪಾಸಣೆಯ ದಿನ ಯಂತ್ರ ಸ್ಥಳದಲ್ಲಿತ್ತು, ಅಭ್ಯಾಸ ನಡೆದಿರುವುದಕ್ಕೆ ಬೋಧಕರ ಸಹಿಯಿದೆ, ಆದ್ದರಿಂದ ದೂರಿನಲ್ಲಿ ಹುರುಳಿಲ್ಲ. ಆ ಬೋಧಕ ನಾನೇ, ದೂರು ಕೊಟ್ಟವನೂ ನಾನೇ ಎಂಬುದು ಆ ಕಚೇರಿಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಷ್ಟರಲ್ಲಿ ಬೇರೊಂದು ದಾರಿ ಹಿಡಿದಿದ್ದೆ. ಕೋಪರಿಯಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬನ ಪುಟ್ಟ ವರ್ಕ್‌ಶಾಪ್ ಇತ್ತು. ಅಲ್ಲಿದ್ದದ್ದು ಕಂಪ್ಯೂಟರಿಲ್ಲದ, ಹಿಡಿಗಳನ್ನು ಕೈಯಿಂದ ತಿರುಗಿಸಿ ನಡೆಸುವ ಹಳೇ ಲೇಥ್, ಅಷ್ಟೇ. ಭಾನುವಾರ ಬಂದರೆ ಕಲಿಸುತ್ತೇನೆಂದು ಇಪ್ಪತ್ತೂ ಮಂದಿಗೆ ಫೋನು ಮಾಡಿದೆ. ಮೊದಲ ಭಾನುವಾರ ಏಳು ಜನ ಬಂದರು, ಮಳೆಗಾಲ ಮುಗಿಯುವಾಗ ಮೂವರು ಉಳಿದಿದ್ದರು. ಹುಡುಗಿ ಮೊದಲೆರಡು ವಾರ ಬರಲಿಲ್ಲ. ಮೂರನೆಯ ವಾರ ತಂದೆಯೇ ಕರೆತಂದು ಬಿಟ್ಟು, ಸಂಜೆಯವರೆಗೂ ಬಾಗಿಲ ಬಳಿ ಕಾದು ಕುಳಿತರು. ಮೊದಲ ಸಲ ಕಬ್ಬಿಣದ ಸಿಪ್ಪೆ ಸುರುಳಿಯಾಗಿ ಎದ್ದಾಗ ಅವಳು ಹೆದರಿ ಕೈ ಹಿಂದೆಳೆದುಕೊಂಡಳು. ಆಮೇಲೆ ಊಟಕ್ಕೆ ಕರೆದರೂ ಮೆಷಿನ್ ಬಿಟ್ಟು ಬರಲಿಲ್ಲ.

ಮರುವರ್ಷ ತುರ್ಭೆಯ ಒಂದು ಕಾರ್ಖಾನೆಯಲ್ಲಿ ಅವಳು ಕೆಲಸದ ಪರೀಕ್ಷೆಗೆ ಹೋದಳು. ಕಾಲೇಜು ಕೊಟ್ಟ ಸರ್ಟಿಫಿಕೇಟ್ ಮನೆಯಲ್ಲೇ ಬಿಟ್ಟಳಂತೆ. ಕಂಪ್ಯೂಟರ್ ಲೇಥ್ ಮುಟ್ಟಿಲ್ಲ, ಹಳೇ ಲೇಥ್ ಬರುತ್ತದೆ ಎಂದು ನಿಜ ಹೇಳಿದಳು. ಫೋರ್‌ಮನ್ ಒಂದು ಸರಳು ಕೊಟ್ಟು ಹಳೇ ಮೆಷಿನ್ ಮುಂದೆ ನಿಲ್ಲಿಸಿದ. ಅಳತೆ ಸರಿ ಬಂತು, ಕೆಲಸಕ್ಕೆ ತೆಗೆದುಕೊಂಡರು. ಈಗ ಎರಡು ಪಾಳಿಗಳ ಮೆಷಿನ್‌ಗಳು ಅವಳ ಉಸ್ತುವಾರಿಯಲ್ಲಿವೆ.